ಅಜ್ಜಿ ಕೋಣೆಯ ಮೂರನೇ ಗೋಡೆ

ನಮ್ಮ ಮನೆಯಿಂದ, ಧೂಳಿನ ನಡುವಿನಿಂದ
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ನಿಮ್ಮ ಕಿರಿಯ ಅಳಿಯನ ನಮಸ್ಕಾರಗಳು. ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದ ಜಾಗದಲ್ಲಿ ತುರಿಕೆ ಕಡಿಮೆಯಾಯಿತೇ? ವ್ಯಾಯಾಮ ಮಾಡಿಸಲು ಬರುವ ಹುಡುಗಿಯನ್ನು ನೀವು ಗದರಿಸಿ ಅಳಿಸಿದಿರಿ, ಮರುದಿನ ನೀವೇ ವಾಕರ್ ಹಿಡಿದು ಅಡುಗೆಮನೆಗೆ ಹೋಗಿ ಅವಳಿಗೆ ಕಾಫಿ ಮಾಡಿಕೊಟ್ಟಿರಿ ಎಂದು ನಿಮ್ಮ ಹಿರಿಮಗಳು, ಅಂದರೆ ನಮ್ಮ ಅಕ್ಕ, ಫೋನಿನಲ್ಲಿ ವರದಿ ಒಪ್ಪಿಸಿದರು. ಕೇಳಿ ಜೀವಕ್ಕೆ ತಂಪಾಯಿತು. ಬೈಯುವಷ್ಟು ಕಸುವು ಬಂದಿದೆ ಎಂದರೆ ಮಂಡಿಯೂ ದಾರಿಗೆ ಬರುತ್ತಿದೆ ಎಂದೇ ಅರ್ಥ. ಶಸ್ತ್ರಚಿಕಿತ್ಸೆಯ ಮರುದಿನ ನೀವು ಯಾರನ್ನೂ ಬೈಯದೆ ಸುಮ್ಮನೆ ಮಲಗಿದ್ದಿರಲ್ಲ, ಆ ದಿನ ನನಗೂ ನಿಮ್ಮ ಮಗಳಿಗೂ ಕೈಕಾಲೇ ಆಡಿರಲಿಲ್ಲ. ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಬಾಲ್ಕನಿಯಲ್ಲಿ ತುಂಬಾ ಹೊತ್ತು ನಿಲ್ಲಬೇಡಿ. ಇಲ್ಲಿ ನಾವೆಲ್ಲ ಆರೋಗ್ಯ. ಮೊಮ್ಮಗಳಿಗೆ ಮುಂದಿನ ಹಲ್ಲೊಂದು ಬಿದ್ದಿದೆ, ಅದನ್ನು ನಿಮಗೇ ತೋರಿಸಬೇಕೆಂದು ಬೆಂಕಿಪೊಟ್ಟಣದಲ್ಲಿ ಜೋಪಾನ ಮಾಡಿದ್ದಾಳೆ.

ಫೋನ್ ಇರುವಾಗ ಇವನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತು ಎಂದು ನೀವು ಕನ್ನಡಕ ಮೇಲೇರಿಸುತ್ತಿರಬಹುದು. ಕಾರಣ ಸರಳವಾದದ್ದು. ಫೋನಿನಲ್ಲಿ ನೀವು ನನಗೆ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ. ನಾನು "ಅತ್ತೆ, ಕೆಳಗಡೆ ಒಂದು ಕೋಣೆ" ಎನ್ನುವಷ್ಟರಲ್ಲಿ ನೀವು "ಇಲ್ಲಿ ಲಿಫ್ಟ್ ಇದೆ, ಇಲ್ಲೇ ಚೆನ್ನಾಗಿದೆ" ಎಂದು ಮಾತಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೀರಿ. ಕಾಗದಕ್ಕೆ ಅಡ್ಡಬಾಯಿ ಹಾಕಲಾಗುವುದಿಲ್ಲ. ಆದ್ದರಿಂದ ಧೈರ್ಯವಾಗಿ ಹೇಳಿಬಿಡುತ್ತೇನೆ: ನೀವು ಬೇಡವೆಂದ ಕೆಲಸಕ್ಕೆ ಕೈ ಹಾಕಿದ್ದೇವೆ. ಕೋಣೆ ಕಟ್ಟುತ್ತಿದ್ದೇವೆ. ಬೈಗುಳವನ್ನು ದಯವಿಟ್ಟು ಪತ್ರದ ಕೊನೆಯವರೆಗೆ ತಡೆದಿಟ್ಟುಕೊಳ್ಳಿ.

ನೀವು ಬೇಡವೆಂದದ್ದು ಯಾಕೆ ಎಂಬುದು ನನಗೆ ಅರ್ಥವಾಗದೆ ಇಲ್ಲ. ವರ್ಷಾನುಗಟ್ಟಲೆ ಕಚೇರಿಯಲ್ಲಿ ಕಂಡವರ ಮನೆಗಳ ನಕ್ಷೆ ಬರೆದು ಬೆನ್ನು ಬಾಗಿಸಿ, ಕೊನೆಗೊಮ್ಮೆ ನಿಮ್ಮದೇ ಮನೆಯ ನಕ್ಷೆ ನೀವೇ ಬರೆದವರು. ಗಿಲಾವಿಲ್ಲದ ಬರಿ ಇಟ್ಟಿಗೆಯ ಗೋಡೆ, ಇಳಿಜಾರು ಹೆಂಚು, ಅಳೆದು ಇಟ್ಟ ಕಿಟಕಿಗಳು. ಮೂಲೆಮನೆಯವರು ತಮ್ಮ ಹಳೆಯ ಮನೆಯ ನೆತ್ತಿಯ ಮೇಲೆ ನೀಲಿ ಗಾಜಿನ ಡಬ್ಬವೊಂದನ್ನು ಕೂರಿಸಿದಾಗ ನೀವು "ರೇಷ್ಮೆ ಬಟ್ಟೆಗೆ ಗೋಣಿ ತೇಪೆ" ಎಂದು ಹೇಳಿ ಆ ಕಡೆಯ ಕಿಟಕಿಗೆ ಪರದೆ ಎಳೆದವರು ಇವತ್ತಿಗೂ ತೆಗೆದಿಲ್ಲ. ಮೆಟ್ಟಿಲು ಹತ್ತಲು ಆಗದ ನಿಮಗೋಸ್ಕರ ನಿಮ್ಮ ಮನೆಗೂ ಅಂಥದ್ದೇ ಒಂದು ಡಬ್ಬ ಅಂಟಿಕೊಳ್ಳುತ್ತದೆ, ಅದನ್ನು ನೋಡುವುದಕ್ಕಿಂತ ಮಗಳ ಮನೆಯ ಆರನೇ ಮಹಡಿಯೇ ವಾಸಿ ಎಂದು ಕಣ್ಣು ಮುಚ್ಚಿ ಕೂತಿದ್ದೀರಿ. "ನನ್ನ ಮನೆಗೆ ಬಾಲ ಕಟ್ಟಬೇಡಿ" ಎಂದಿದ್ದಿರಿ. ನಾನು ಚೌಕಟ್ಟಿನ ಅಂಗಡಿಯವನು, ಅತ್ತೆ. ಚಿತ್ರಕ್ಕೆ ಒಗ್ಗದ ಚೌಕಟ್ಟು ಚಿತ್ರವನ್ನೇ ತಿಂದುಹಾಕುತ್ತದೆ ಎಂಬುದನ್ನು ದಿನಾ ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಳ್ಳುವವನು. ಬಾಲ ಕಟ್ಟಲು ನಾನು ಬಿಡುತ್ತೇನೆಯೇ?

ಹುಡುಕಿ ಹುಡುಕಿ ಒಬ್ಬ ವಿನ್ಯಾಸಗಾರ್ತಿಯನ್ನು ಹಿಡಿದೆವು. ಹಳೆಯ ಮನೆಗಳಿಗೆ ಹೊಸ ಭಾಗ ಸೇರಿಸುವುದೇ ಅವಳ ಕೆಲಸ. ಸೊಂಟದಲ್ಲಿ ಸದಾ ಟೇಪು ನೇತಾಡುತ್ತಿರುವುದರಿಂದ ಮನೆಯಲ್ಲಿ ಅವಳಿಗೆ ಟೇಪಮ್ಮ ಎಂದು ಹೆಸರಾಗಿದೆ, ಅವಳಿಗೂ ಗೊತ್ತು, ಬೇಜಾರಿಲ್ಲ. ಮೊದಲ ದಿನ ಬಂದವಳು ಟೇಪನ್ನು ಬಿಚ್ಚಲೇ ಇಲ್ಲ. ಎದುರಿನ ಕಟ್ಟೆಯ ಮೇಲೆ ಕೂತು ಇಡೀ ಬೆಳಗ್ಗೆ ಮನೆಯನ್ನು ನೋಡುತ್ತಲೇ ಇದ್ದಳು. ನಿಮ್ಮ ಮಗಳು ಕಿಟಕಿಯಿಂದ ಇಣುಕಿ ಇಣುಕಿ ಸಾಕಾಗಿ, "ಇವಳು ಮನೆ ನೋಡೋಕೆ ಬಂದಳೋ ಮನೆ ಕಾಯೋಕೆ ಬಂದಳೋ" ಎಂದು ನನ್ನ ಕಿವಿ ಕಚ್ಚಿದಳು. ಕೊನೆಗೆ ಒಳಗೆ ಬಂದ ಟೇಪಮ್ಮ ಮೊದಲು ಕೇಳಿದ್ದು, "ಈ ಮನೆ ಬರೆದವರು ಯಾರು?" ನಾವು ಹೇಳಿದೆವು. "ಇದ್ದಾರಾ?" ಇದ್ದಾರೆ ಎಂದೆವು. "ಹಾಗಾದ್ರೆ ಕಷ್ಟ" ಎಂದು ನಕ್ಕು, "ಬರೆದವರು ಇಲ್ದೇ ಇದ್ರೆ ಮನೆ ಒಂದನ್ನೇ ಒಪ್ಪಿಸಿದ್ರೆ ಸಾಕು. ಈಗ ಇಬ್ಬರನ್ನ ಒಪ್ಪಿಸ್ಬೇಕು" ಎಂದಳು. ಅವಳನ್ನು ನೀವು ಮೆಚ್ಚುತ್ತೀರಿ ಎಂದು ನನಗೆ ಆಗಲೇ ಅನ್ನಿಸಿತು.

ಮನೆಯ ಮುಖಕ್ಕೆ ಕೈ ಹಚ್ಚಬಾರದೆಂಬ ನಿಮ್ಮ ಮಾತಿಗೆ ಕಟ್ಟುಬಿದ್ದು ಕೋಣೆ ಹಿತ್ತಲಲ್ಲೇ ಬರಲಿ ಎಂದು ನಾವು ಹಟ ಹಿಡಿದೆವು. ಟೇಪಮ್ಮನಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಹಿತ್ತಲಿಗೆ ಹೋಗಲು ನಾಲ್ಕು ಮೆಟ್ಟಿಲು ಇಳಿಯಬೇಕು, ಬಿಸಿಲಿಲ್ಲ, ನೋಡಲು ಪಕ್ಕದ ಮನೆಯ ನೀರಿನ ತೊಟ್ಟಿ ಬಿಟ್ಟರೆ ಏನೂ ಇಲ್ಲ. "ಈ ಮನೆ ನೋಡಿದ್ರೆ ಇದನ್ನ ಬರೆದವರು ಹಿಂದೆ ಹೋಗಿ ಕೂರೋರಲ್ಲ ಅನ್ಸುತ್ತೆ" ಎಂದು ಗೊಣಗಿದಳು. ಆದರೂ ನಾವು ಕೇಳದೆ ಹಿತ್ತಲಲ್ಲಿ ಸುಣ್ಣದ ಪುಡಿಯಿಂದ ಗೆರೆ ಹಾಕಿಸಿದೆವು.

ಇನ್ನು ನನ್ನ ಪ್ರತಾಪ ಕೇಳಿ. ಹೊಸ ಗೋಡೆಗೆ ಹಳೆಯ ಗೋಡೆಯ ಬಣ್ಣದ್ದೇ ಇಟ್ಟಿಗೆ ಸಿಗಬೇಕಲ್ಲ, ಅದಕ್ಕಾಗಿ ಅಂಗಡಿ ಬಾಗಿಲು ಹಾಕಿಕೊಂಡು ಊರೆಲ್ಲ ಅಲೆದೆ. ಸಂತೆಬೀದಿಯ ಹಿಂದೆ ಒಂದು ಹಳೆಯ ಗೋದಾಮು ಕೆಡವುತ್ತಿದ್ದರು. ಅಲ್ಲಿಯ ಇಟ್ಟಿಗೆ ನಮ್ಮ ಗೋಡೆಯ ಪಕ್ಕಕ್ಕೆ ಹಿಡಿದರೆ ಅವಳಿಜವಳಿ, ಅದೇ ಕಂದು, ಅದೇ ಹೊಗೆಗಪ್ಪು. ಒಂದು ಲಾರಿ ಹೊಡೆಸಿ ಗೇಟಿನ ಬಳಿ ಅಟ್ಟಿ ಹಾಕಿಸಿ, ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದೆ. ಟೇಪಮ್ಮ ಬಂದು ನೋಡಿ, "ಚೆನ್ನಾಗಿದೆ. ಆದ್ರೆ ಇದು ಇಟ್ಟಿಗೆ ಬಣ್ಣವೋ ಮಸಿ ಬಣ್ಣವೋ? ಮನೆ ಗೋಡೇನ ಒಂದು ಮೂಲೇಲಿ ಅಂಗೈಯಷ್ಟು ತೊಳೆದು ನೋಡಿ" ಎಂದು ಹೇಳಿ ಹೋದಳು.

ಅಂಗೈಯಷ್ಟು ಎಂದಿದ್ದಳು. ಅದನ್ನು ಕೇಳಿಸಿಕೊಂಡವಳು ಯಾರು? ನಿಮ್ಮ ಮಗಳು. ಒಂದು ಲೋಟ ತೊಳೆಯಲು ಕೂತರೆ ಇಡೀ ಅಡುಗೆಮನೆ ತೊಳೆದು ಏಳುವ ಗುಣ ಅವಳಿಗೆ ಯಾರಿಂದ ಬಂತೆಂದು ನಾನು ಹೇಳಬೇಕಿಲ್ಲ. ನಾನು ಅಂಗಡಿಗೆ ಹೋದ ಮೇಲೆ ಬ್ರಷ್ಷು, ಸೋಪಿನ ನೀರು ಹಿಡಿದು ಮೂಲೆಯಲ್ಲಿ ಶುರು ಮಾಡಿದ್ದಾಳೆ. ಕೊಳೆ ಹೋದ ಕಡೆ ಗೋಡೆ ಫಳಫಳ ಹೊಳೆದಿದೆ. ಹೊಳೆದದ್ದರ ಪಕ್ಕ ಹೊಳೆಯದ್ದು ಗಲೀಜಾಗಿ ಕಂಡಿದೆ. ಅದನ್ನೂ ತೊಳೆದಿದ್ದಾಳೆ. ಆಮೇಲೆ ವಾಹನ ತೊಳೆಯುವ ಅಂಗಡಿಯಿಂದ ನೀರು ಚಿಮ್ಮುವ ಯಂತ್ರವನ್ನೇ ಎರವಲು ತಂದು, ಏಣಿ ಹಾಕಿ, ನಾಲ್ಕೂ ಕಡೆಯ ಗೋಡೆಗಳನ್ನು ಮುಗಿಸಿಬಿಟ್ಟಿದ್ದಾಳೆ. "ಅಮ್ಮ ಬರೋ ಹೊತ್ತಿಗೆ ಮನೆ ಮುಖ ತೊಳೆದಿರ್ಲಿ ಅನ್ನಿಸ್ತು" ಎಂದು ಆಮೇಲೆ ಹೇಳಿದಳು. ಸಂಜೆ ನಾನು ಅಂಗಡಿಯಿಂದ ಬಂದವನು ನಮ್ಮ ಮನೆಯನ್ನು ಗುರುತು ಹಿಡಿಯದೆ ದಾಟಿ ಮುಂದೆ ಹೋದೆ. ತಮಾಷೆಯಲ್ಲ, ನಿಜವಾಗಿಯೂ. ಗೂಡಿನಿಂದ ಆಗ ತಾನೇ ಇಳಿಸಿದ ಹಾಗೆ ಕೆಂಪಗೆ ಕಿತ್ತಳೆಯಾಗಿ ನಿಂತಿತ್ತು ಮನೆ. ಗೇಟಿನ ಬಳಿಯ ನನ್ನ ಲಾರಿ ಇಟ್ಟಿಗೆ ಅದರ ಮುತ್ತಜ್ಜನ ಹಾಗೆ ಕಪ್ಪಗೆ ಕೂತಿತ್ತು. ಮೇಸ್ತ್ರಿ ಒಮ್ಮೆ ಇದನ್ನು ನೋಡಿ ಒಮ್ಮೆ ಅದನ್ನು ನೋಡಿ, "ಮನೆಗಿಂತ ಕೋಣೆಗೇ ವಯಸ್ಸಾಗಿಹೋಯ್ತಲ್ಲ ಸ್ವಾಮಿ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ನಗಲು ಬಾಯಿ ತೆರೆದವನು ನಿಮ್ಮ ಮಗಳ ಮುಖ ನೋಡಿ ಮುಚ್ಚಿಕೊಂಡೆ. ಒದ್ದೆ ಬಟ್ಟೆಯಲ್ಲೇ ಮೆಟ್ಟಿಲ ಮೇಲೆ ಕೂತು, ಅಮ್ಮನ ಮನೆಯ ಬಣ್ಣ ಕೆಡಿಸಿಬಿಟ್ಟೆ, ಇನ್ನು ಅವಳು ಖಂಡಿತಾ ಬರಲ್ಲ ಎಂದು ಅಳುತ್ತಿದ್ದಳು.

ಮಾರನೆಯ ಬೆಳಗ್ಗೆ ಟೇಪಮ್ಮ ಬಂದಳು. ಬೈಯುತ್ತಾಳೆಂದು ನಾವಿಬ್ಬರೂ ಬಾಗಿಲ ಹಿಂದೆ ನಿಂತಿದ್ದೆವು. ಅವಳು ಮನೆಯನ್ನು ಸುತ್ತುತ್ತಾ ಪೂರ್ವದ ಕಡೆಗೆ ಹೋದಳು, ಅಲ್ಲಿಂದ ಇದ್ದಕ್ಕಿದ್ದಂತೆ "ಬೇಗ ಬನ್ನಿ ಇಲ್ಲಿ!" ಎಂದು ಕೂಗಿದಳು. ಓಡಿಹೋಗಿ ನೋಡಿದರೆ, ಎಳೆಬಿಸಿಲು ಬಿದ್ದ ಗೋಡೆಯ ಮೇಲೆ, ಮುಂದಿನ ಮೂಲೆಯಿಂದ ಒಂದು ಮೊಳ ಹಿಂದೆ, ಕೆಳಗಿನಿಂದ ಮೇಲಿನವರೆಗೆ ತುಂಡು ಇಟ್ಟಿಗೆಗಳ ಸಾಲು. ಒಂದು ವರಸೆ ಬಿಟ್ಟು ಒಂದು ವರಸೆಗೆ ಅರ್ಧರ್ಧ ಇಟ್ಟಿಗೆ, ಬಣ್ಣದಲ್ಲಿ ಕೂದಲೆಳೆಯಷ್ಟು ಬೇರೆ. ಆಚೆ ಹಿಂದಿನ ಮೂಲೆಯ ಹತ್ತಿರ ಅಂಥದ್ದೇ ಇನ್ನೊಂದು ಸಾಲು. ಇಷ್ಟು ವರ್ಷ ಮಸಿಯಡಿ ಅಡಗಿದ್ದವು. ನನಗೆ ತಲೆಬುಡ ಅರ್ಥವಾಗಲಿಲ್ಲ. ಮೇಸ್ತ್ರಿ ಹತ್ತಿರ ಬಂದು ಬೆರಳಾಡಿಸಿ ಹೇಳಿದ: "ಹಲ್ಲು ಬಿಟ್ಟಿದ್ದಾರೆ ಸ್ವಾಮಿ. ಮುಂದೆ ಇಲ್ಲಿಗೊಂದು ಗೋಡೆ ಸೇರಿಸೋದಿದ್ರೆ ಹಳೇ ಗೋಡೇಲಿ ಹೀಗೆ ಗೂಡು ಬಿಟ್ಟಿರ್ತಾರೆ. ಹೊಸ ಇಟ್ಟಿಗೆ ಒಳಗೆ ಹೋಗಿ ಕಚ್ಕೊಂಡ್ರೆ ಎರಡೂ ಒಂದೇ ಗೋಡೆ ಆಗುತ್ತೆ. ಇಲ್ಲಿ ಯಾರೋ ಕೋಣೆ ಕಟ್ಟಬೇಕು ಅಂತಿದ್ರು. ಆಮೇಲೆ ಬೇಡ ಅಂತ ಮುಚ್ಚಿಸಿದ್ದಾರೆ."

ಅದು ಯಾವ ಜಾಗವೆಂದು ನಿಮಗೆ ಬಿಡಿಸಿ ಹೇಳಬೇಕೇ? ನಾವೆಲ್ಲ ಅಜ್ಜಿ ಕೋಣೆ ಎಂದು ಕರೆಯುವ ಆ ಖಾಲಿ ನೆಲ. ನಾನು ಅಳಿಯನಾಗಿ ಈ ಮನೆಗೆ ಬಂದ ಹೊಸದರಲ್ಲಿ ನಿಮ್ಮ ಮಗಳು "ಬಟ್ಟೆ ಅಜ್ಜಿ ಕೋಣೇಲಿ ಒಣಹಾಕಿ" ಎಂದಾಗ ಒದ್ದೆ ಬಟ್ಟೆ ಹೊತ್ತುಕೊಂಡು ಮಹಡಿಯ ಕೋಣೆಗಳನ್ನೆಲ್ಲ ಹುಡುಕಿದ್ದೆ. ಗೋಡೆಯಿಲ್ಲದ, ಮಾಡಿಲ್ಲದ, ಒಂದು ತಂತಿ ಕಟ್ಟಿದ ಬಯಲಿಗೆ ಕೋಣೆ ಎನ್ನುತ್ತಾರಲ್ಲ, ಈ ಮನೆಯವರಿಗೆ ಒಂದು ಸುತ್ತು ಕಡಿಮೆ ಎಂದುಕೊಂಡಿದ್ದೆ. ಹಾಗೆ ಯಾಕೆ ಕರೆಯುತ್ತೀರಿ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ, ಚಿಕ್ಕಂದಿನಿಂದ ಹಾಗೇ ಕರೆಯುತ್ತಿದ್ದರಂತೆ. ಆ ದಿನ ಆ ತುಂಡು ಇಟ್ಟಿಗೆಗಳ ಮುಂದೆ ನಿಂತು ಅವಳಿಗೆ ಒಂದೊಂದೇ ನೆನಪಾಯಿತು. ನಿಮ್ಮ ತಾಯಿಗೂ ಮಂಡಿನೋವು. ನೀವು ಕರೆದಾಗಲೆಲ್ಲ "ಮಗಳ ಮನೆಗೆ ಭಾರ ಆಗಲ್ಲ, ನಾನಿಲ್ಲೇ ಚೆನ್ನಾಗಿದ್ದೀನಿ" ಎನ್ನುತ್ತಿದ್ದರಂತೆ. ಬರುತ್ತೇನೆ ಬರುತ್ತೇನೆ ಎಂದು ಬರಲೇ ಇಲ್ಲ. ಅವರು ಹೋದ ಮೇಲೆ ಒಂದು ದಿನ ನೀವು ಆ ಗೋಡೆಯ ಬಳಿ ಮೇಸ್ತ್ರಿಯೊಬ್ಬನ ಜೊತೆ ನಿಂತಿದ್ದಿರಂತೆ. ಯಾಕಮ್ಮಾ ಕಣ್ಣು ಕೆಂಪಗಿದೆ ಎಂದು ಇವಳು ಕೇಳಿದ್ದಕ್ಕೆ ಸಿಮೆಂಟಿನ ಧೂಳು ಬಿತ್ತು ಎಂದಿರಿ. ಇವಳು ನಂಬಿ ಆಡಲು ಓಡಿದಳು.

ನಿಮ್ಮ ಮೇಲೆ ನನಗೆ ಕೋಪ ಬಂತು, ಅತ್ತೆ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕಟ್ಟದೆ ಉಳಿದ ಕೋಣೆ ಎಷ್ಟು ನೋಯಿಸುತ್ತದೆ ಎಂದು ಈ ಮನೆಯಲ್ಲಿ ನಿಮಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಹಾಗಿದ್ದೂ "ಇಲ್ಲೇ ಚೆನ್ನಾಗಿದೆ" ಎಂಬ ಅದೇ ಮಾತನ್ನು ನಿಮ್ಮ ಮಗಳಿಗೆ ಹೇಳುತ್ತಿದ್ದೀರಲ್ಲ! ಕೋಪ ಬಂದಷ್ಟೇ ಬೇಗ ಇಳಿದೂ ಹೋಯಿತು. ಯಾಕೆಂದರೆ ಮೇಸ್ತ್ರಿ ಬಿಚ್ಚುತ್ತಾ ಹೋದ ಹಾಗೆಲ್ಲ ನಿಮ್ಮ ಬಗ್ಗೆ ಬೆರಗೇ ಹೆಚ್ಚಾಯಿತು. ನಮ್ಮ ತಲೆಗೆ ಹೊಳೆಯದ ಎಲ್ಲವನ್ನೂ ನೀವು ಆಗಲೇ ಯೋಚಿಸಿಟ್ಟಿದ್ದಿರಿ. ಆ ಪಕ್ಕದಲ್ಲಿ ನೆಲ ಏರಿ ಮನೆಯ ನೆಲಕ್ಕೆ ಸಮವಾಗಿ ನಿಲ್ಲುತ್ತದೆ, ಗೇಟಿನಿಂದ ಕೋಣೆಯವರೆಗೆ ಒಂದು ಮೆಟ್ಟಿಲೂ ಬೇಕಿಲ್ಲ. ಊಟದ ಕೋಣೆಯಲ್ಲಿ ನಾವು ಬೀರು ನಿಲ್ಲಿಸಿದ್ದ ಆ ಆಳವಿಲ್ಲದ ಗೂಡು ಗೂಡೇ ಅಲ್ಲ, ಮುಚ್ಚಿದ ಬಾಗಿಲು. ಮೇಲೆ ಇಟ್ಟಿಗೆಯ ಕಮಾನು ಭಾರ ಹೊತ್ತುಕೊಂಡು ಇಷ್ಟು ವರ್ಷ ಕಾಯುತ್ತಿತ್ತು. ಬೀರು ಸರಿಸಿ ತೆಳುಗೋಡೆ ಬಿಡಿಸಿದೆವು, ಬೆಳಗಿನ ಬಿಸಿಲು ಊಟದ ಮೇಜಿನವರೆಗೆ ಬಂತು. ಟೇಪಮ್ಮ ತನ್ನ ಹಿತ್ತಲಿನ ನಕ್ಷೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, "ನಂಗೆ ಇನ್ನು ಕೆಲಸ ಇಲ್ಲ, ಅವರು ಹೇಳಿದ್ದನ್ನ ಬರ್ಕೊಂಡ್ರೆ ಸಾಕು" ಎಂದಳು.

ಹಾಗೆಂದಳಾದರೂ ಕೆಲಸವನ್ನು ಕಣ್ಣಲ್ಲಿ ಕಣ್ಣಿಟ್ಟು ಮಾಡಿಸುತ್ತಿದ್ದಾಳೆ. ಹೊಸ ಕೋಣೆಗೆ ಇನ್ನು ಬರಬೇಕಾದ ಮಾಡು ಹಳೆಯ ಮಾಡಿನಷ್ಟೇ ಇಳಿಜಾರು, ಆದರೆ ಮಹಡಿಯ ಕಿಟಕಿಗಿಂತ ಕೆಳಗೆ ತಲೆ ತಗ್ಗಿಸಿ ನಿಲ್ಲುತ್ತದೆ. ಹೆಂಚಿನ ಅಂಚು ಗೋಡೆಯಿಂದ ಎಷ್ಟು ಮುಂದೆ ಚಾಚಿದೆಯೋ ಅಷ್ಟೇ ಇಲ್ಲಿಯೂ. ಒಂದು ಇಟ್ಟಿಗೆ ಉದ್ದಕ್ಕೆ, ಒಂದು ಅಡ್ಡಕ್ಕೆ ಎಂಬ ನಿಮ್ಮ ಜೋಡಣೆಯನ್ನು ಮೇಸ್ತ್ರಿ ಬಾಯಿಪಾಠ ಮಾಡಿದ್ದಾನೆ. ಕೋಣೆಯ ಮುಂಗೋಡೆ ಮನೆಯ ಮುಖಕ್ಕೆ ಸಮ ಬರದೆ ಒಂದು ಮೊಳ ಹಿಂದೆ ಸರಿದಿರುವುದರಿಂದ, ಗುಂಪಿನ ಫೋಟೋದಲ್ಲಿ ಹಿರಿಯರ ಪಕ್ಕ ಕಿರಿಯರು ಅರ್ಧ ಹೆಜ್ಜೆ ಹಿಂದೆ ನಿಂತ ಹಾಗೆ ಕಾಣುತ್ತದೆ. ಬಾಲದ ಹಾಗಂತೂ ಕಾಣುವುದಿಲ್ಲ, ನನ್ನಾಣೆ. ಹೊಸ ಇಟ್ಟಿಗೆ ನೇರ ಭಟ್ಟಿಯಿಂದಲೇ ಬಂತು, ಈ ಸಲ ತೊಳೆದ ಗೋಡೆಗೆ ಹಿಡಿದು ನೋಡಿ ತಂದದ್ದು. ನನ್ನ ಕಪ್ಪು ಇಟ್ಟಿಗೆಯನ್ನೂ ಟೇಪಮ್ಮ ಬಿಸಾಡಲಿಲ್ಲ, ಗೇಟಿನಿಂದ ಕೋಣೆಯವರೆಗಿನ ದಾರಿಗೆ ಹಾಸಿಸಿದ್ದಾಳೆ. ವಾಕರಿನ ಕಾಲು ಜಾರುವುದಿಲ್ಲ, ನಾನೇ ತಳ್ಳಿ ಪರೀಕ್ಷೆ ಮಾಡಿದ್ದೇನೆ. ಮೂರು ಹೊಸ ಗೋಡೆಗಳಲ್ಲಿ ಎರಡು ಪೂರ್ತಿ ಎದ್ದಿವೆ. ಮೂರನೆಯದರ ವಿಷಯ ಆಮೇಲೆ ಹೇಳುತ್ತೇನೆ.

ಒಂದು ಮಾತು ಬಹಳ ದಿನದಿಂದ ಹೇಳಬೇಕೆಂದಿದ್ದೆ, ಎದುರಿಗೆ ಹೇಳಿದರೆ ನೀವು "ಸಾಕು ಹೋಗು" ಎನ್ನುತ್ತೀರಿ. ನಾನು ಈ ಮನೆಗೆ ಬಂದ ಮೊದಲ ವಾರ ಅಡುಗೆಮನೆಯ ಬಾಗಿಲಿಗೆ ದಿನಾ ತಲೆ ಚಚ್ಚಿಸಿಕೊಳ್ಳುತ್ತಿದ್ದೆ. ನಿಮ್ಮ ಮನೆಯಲ್ಲಿ ಅಷ್ಟು ಉದ್ದದವರು ಯಾರೂ ಇರಲಿಲ್ಲ. ಬಗ್ಗಿ ನಡೆಯುವುದು ಕಲಿಯುತ್ತೇನೆ ಬಿಡಿ ಎಂದೆ. ನೀವು ಬಾಗಿಲನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಿರಿ. ನಾನು ಅಂಗಡಿ ಸಾಮಾನು ತರಲು ಹೊರಗಿನ ಊರಿಗೆ ಹೋಗಿ ಬರುವಷ್ಟರಲ್ಲಿ ಆ ಬಾಗಿಲು ಮೇಲೇರಿತ್ತು, ಕಮಾನು ಬಿಚ್ಚಿ ಮೊದಲಿನಂತೆಯೇ ಮತ್ತೆ ಕಟ್ಟಿಸಿದ್ದಿರಿ. ಟೇಪಮ್ಮ ಆ ಬಾಗಿಲನ್ನು ಅಳೆದಾಗ, ಇದು ಆಮೇಲೆ ಎತ್ತರಿಸಿದ್ದು ಎಂದು ನಾನು ಹೇಳಿದೆ. ಅವಳು ನಂಬಲಿಲ್ಲ, ಗೋಡೆಗೆ ಮೂಗು ತಾಗಿಸಿ ಹುಡುಕಿದರೂ ಜೋಡಣೆಯ ಗುರುತು ಸಿಗಲಿಲ್ಲ. ಅಪ್ಪ ಅಮ್ಮ ಇಬ್ಬರೂ ಇಲ್ಲದೆ ಬಂದವನು ನಾನು. ಆ ಬಾಗಿಲಲ್ಲಿ ತಲೆಯೆತ್ತಿ ನಡೆದ ದಿನದಿಂದ ಇದು ನನ್ನ ಮನೆಯೂ ಆಯಿತು. ಆ ಋಣ ತೀರಿಸುವ ಮಾತು ಆಡುವುದಿಲ್ಲ, ಅದು ತೀರುವಂಥದ್ದಲ್ಲ, ತೀರುವುದೂ ನನಗೆ ಬೇಡ. ಆದರೆ ನನ್ನ ತಲೆಗಾಗಿ ಮನೆ ಬದಲಾಯಿಸಿದವರು ನಿಮ್ಮ ಮಂಡಿಗಾಗಿ ನಾವು ಬದಲಾಯಿಸಿದರೆ ಬೇಡ ಎನ್ನುವುದು ಯಾವ ನ್ಯಾಯ?

ಅಕ್ಕನಿಗೂ ಭಾವನಿಗೂ ನನ್ನ ನೆನಪು ತಿಳಿಸಿ. ನಿಮ್ಮನ್ನು ಇಷ್ಟು ದಿನ ಅಂಗೈಯಲ್ಲಿಟ್ಟು ನೋಡಿಕೊಂಡದ್ದಕ್ಕೆ ಅವರಿಗೆ ನಾನು ಕೃತಜ್ಞ, ಆದರೆ ಬಿಟ್ಟುಕೊಡುವ ಕಾಲ ಬಂತೆಂದು ಮೆಲ್ಲಗೆ ಕಿವಿಗೆ ಹಾಕಿ. ಮೊಮ್ಮಗಳ ಮುತ್ತು, ನಿಮ್ಮ ಮಗಳ ಅಪ್ಪುಗೆ, ನನ್ನ ನಮಸ್ಕಾರ, ಮೂರನ್ನೂ ಒಟ್ಟಿಗೆ ಸ್ವೀಕರಿಸಿ ನಮ್ಮೆಲ್ಲರನ್ನೂ ಹರಸಿ.

ಇಂತಿ ನಿಮ್ಮ
ಉದ್ದನೆಯ ಅಳಿಯ

ಮರೆತೇಬಿಟ್ಟಿದ್ದೆ, ಲಕೋಟೆ ಅಂಟಿಸುವಾಗ ನೆನಪಾಯಿತು. ಆ ಮೂರನೇ ಗೋಡೆ, ರಸ್ತೆಯ ಕಡೆಯದು, ಮಂಡಿಯೆತ್ತರಕ್ಕೆ ನಿಂತುಬಿಟ್ಟಿದೆ. ಇಟ್ಟಿಗೆ ಮುಗಿದಿಲ್ಲ, ಮೇಸ್ತ್ರಿಯೂ ಮುನಿಸಿಕೊಂಡಿಲ್ಲ. ಕಿಟಕಿ ಎಲ್ಲಿಂದ ಶುರುವಾಗಬೇಕೆಂದು ಯಾರಿಗೂ ಗೊತ್ತಿಲ್ಲ. ಟೇಪಮ್ಮ ಮನೆಯ ಎಲ್ಲ ಕಿಟಕಿಗಳನ್ನೂ ಅಳೆದು ತಲೆ ಕೆಡಿಸಿಕೊಂಡಳು, ಅಗಲ ಒಂದೇ, ಉದ್ದ ಒಂದೇ, ಆದರೆ ನೆಲದಿಂದ ಒಂದು ಇದ್ದ ಮಟ್ಟದಲ್ಲಿ ಇನ್ನೊಂದಿಲ್ಲ. ಕೊನೆಗೆ ನಿಮ್ಮ ಮಗಳು ಹೇಳಿದಳು, ಮನೆ ಕಟ್ಟುವಾಗ ನೀವು ಒಬ್ಬೊಬ್ಬರನ್ನೂ ಅವರವರ ಜಾಗದಲ್ಲಿ ಕೂರಿಸಿ, ಕಣ್ಣಿನ ಮಟ್ಟ ನೋಡಿ ಸೀಮೆಸುಣ್ಣದ ಗೆರೆ ಎಳೆದು, ಆಮೇಲೆ ಕಿಟಕಿ ಇಡಿಸಿದ್ದಿರಂತೆ. ಅಕ್ಕ ಅಲ್ಲೇ ಟೇಪು ಹಿಡಿದು ನಿಮ್ಮನ್ನು ಅಳೆದು ಫೋನಿನಲ್ಲಿ ಹೇಳುತ್ತೇನೆ ಎಂದರು, ನಾನು ಬೇಡವೆಂದೆ. ಆ ನೆಲ ಬೇರೆ, ಆ ಕುರ್ಚಿ ಬೇರೆ. ನಿಮ್ಮ ಬೆತ್ತದ ಕುರ್ಚಿಯನ್ನು ಮಹಡಿಯಿಂದ ಇಳಿಸಿ ಆ ಅರ್ಧ ಗೋಡೆಯ ಮುಂದೆ ಹಾಕಿದ್ದೇವೆ. ಭಾನುವಾರ ಬೆಳಗ್ಗೆ ಕಾರು ತರುತ್ತೇನೆ. ಅತ್ತೆ, ನೀವು ಬಂದು ಅದರಲ್ಲಿ ಕೂತು, ರಸ್ತೆ ನೋಡಿ, ಇಲ್ಲಿ ಎಂದು ತೋರಿಸುವವರೆಗೂ ಆ ಗೋಡೆ ಒಂದಿಟ್ಟಿಗೆಯೂ ಮೇಲೇಳುವುದಿಲ್ಲ.